ಕೆಲಸ ಪೀಣ್ಯದಲ್ಲಿ, ಮನೆ ಎಲ್ಲಿ?

ನನ್ನ ಐದನೇ ಸೆಮಿಸ್ಟರ್ ಪರೀಕ್ಷೆ ಮುಗಿಯುವಷ್ಟರಲ್ಲಿ ನಾವು ನಾಗಸಂದ್ರದ ಮನೆ ಖಾಲಿ ಮಾಡಬೇಕು. ಇಪ್ಪತ್ತು-ಮೂವತ್ತರ ಸೈಟಿನಲ್ಲಿ ಆರು ಸಂಸಾರಗಳಿರುವ ವಠಾರ ಅದು. ಓನರ್ ಅಂಕಲ್ ಅದನ್ನು ಕೆಡವಿ ಪಿ.ಜಿ. ಕಟ್ಟಿಸುತ್ತಾರಂತೆ. ‘ಬೇಜಾರ್ ಮಾಡ್ಕೋಬೇಡಿ, ಮೆಟ್ರೊ ಪಕ್ಕದಲ್ಲಿ ಎಷ್ಟು ದಿನ ಅಂತ ಶೀಟ್ ಮನೆ ಇಟ್ಕೊಂಡಿರ್ಲಿ’ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ನಿವೃತ್ತಿಯಾದಾಗ ಬಂದ ಪಿಎಫ್, ಚೀಟಿ ದುಡ್ಡು, ಆಂಟಿಯ ಬಳೆ ಎಲ್ಲ ಸೇರಿಸಿ ಕಟ್ಟಿಸಿದ ಮನೆಗಳವು. ಬಿ ಖಾತಾ ಎಂದು ಬ್ಯಾಂಕ್ ಸಾಲವೂ ಸಿಕ್ಕಿರಲಿಲ್ಲ.

ವಸತಿಗೆ ಹೂಡಿಕೆ ಎಂದ ಕೂಡಲೇ ನಮಗೆ ನೆನಪಾಗುವುದು ಬಿಡಿಎ ಬಡಾವಣೆ, ಇಲ್ಲವೇ ಬಿಲ್ಡರ್‌ಗಳ ಅಪಾರ್ಟ್‌ಮೆಂಟ್. ನಾನು ಕಂಡಂತೆ ಪೀಣ್ಯದ ಕಾರ್ಮಿಕರ ತಲೆ ಮೇಲೆ ಸೂರು ನಿಲ್ಲಿಸಿದ್ದು ಇಂಥ ಅಂಕಲ್‌ಗಳ ಉಳಿತಾಯ.

ಹಿಂದೆ ಹೀಗಿರಲಿಲ್ಲ. ಐವತ್ತರ ದಶಕದಲ್ಲಿ ಪಕ್ಕದ ಜಾಲಹಳ್ಳಿಗೆ ಎಚ್‌ಎಂಟಿ, ಬಿಇಎಲ್ ಬಂದಾಗ ಕಾರ್ಖಾನೆಯ ಜೊತೆಗೆ ಕಾಲೊನಿಯೂ ಬಂತು. ಎಪ್ಪತ್ತರ ದಶಕದಲ್ಲಿ ಪೀಣ್ಯ ಕೈಗಾರಿಕಾ ಪ್ರದೇಶವಾದಾಗ ಸಣ್ಣ ಸಣ್ಣ ಶೆಡ್‌ಗಳು ಸಾವಿರಗಟ್ಟಲೆ ಎದ್ದವು. ಅವುಗಳಲ್ಲಿ ದುಡಿಯುವವರಿಗೆ ಸಾಲುವಷ್ಟು ಮನೆಗಳು ಬರಲಿಲ್ಲ. ಜನ ಸುತ್ತಲಿನ ಹಳ್ಳಿಗಳಾದ ನಾಗಸಂದ್ರ, ಚೊಕ್ಕಸಂದ್ರ, ದಾಸರಹಳ್ಳಿ, ಹೆಗ್ಗನಹಳ್ಳಿಗಳಲ್ಲಿ ಬಾಡಿಗೆ ಹಿಡಿದರು. ಲೇತ್ ಆಪರೇಟರ್ ಆದ ನನ್ನ ಅಪ್ಪನೂ ಅವರಲ್ಲೊಬ್ಬರು.

2015ರ ಮೇ 1ರಂದು ನಾಗಸಂದ್ರಕ್ಕೆ ಮೆಟ್ರೊ ಬಂತು. 2022ರಲ್ಲಿ ನಿಲ್ದಾಣದ ಪಕ್ಕದಲ್ಲೇ ಐಕಿಯಾ ತೆರೆಯಿತು. ತುಮಕೂರು ರಸ್ತೆಯುದ್ದಕ್ಕೂ ಗಗನಚುಂಬಿಗಳು ಎದ್ದಿವೆ. ಮೆಟ್ರೊಗೆ ಸುರಿದದ್ದು ಸಾರ್ವಜನಿಕರ ದುಡ್ಡು. ಅದರಿಂದ ಏರಿದ ಬೆಲೆ ಸೇರಿದ್ದು ಜಾಗ ಇದ್ದವರಿಗೆ. ಬಾಡಿಗೆದಾರರಿಗೆ ಸಿಕ್ಕಿದ್ದು ಹೆಚ್ಚಿದ ಬಾಡಿಗೆ.

ಹಾಗಂತ ಸರ್ಕಾರ ಮನೆಗಳನ್ನೇ ಕಟ್ಟಿಲ್ಲವೆಂದಲ್ಲ. ಆಲೂರು, ಕಣಿಮಿಣಿಕೆಗಳಲ್ಲಿ ಬಿಡಿಎ ಕಟ್ಟಿದೆ. ಆದರೆ ಅವು ಮಾರುವ ಮನೆಗಳು. ಕಣಿಮಿಣಿಕೆಯಲ್ಲಂತೂ ಎಷ್ಟೋ ಫ್ಲ್ಯಾಟ್‌ಗಳು ಬಹಳ ಕಾಲ ಕೊಳ್ಳುವವರಿಲ್ಲದೆ ಉಳಿದಿದ್ದವು. ಅಪ್ಪನಿಗೆ ಈಗ ಬೇಕಿರುವುದು ಕೊಳ್ಳುವ ಮನೆಯಲ್ಲ, ಶೆಡ್‌ಗೆ ಸೈಕಲ್‌ನಲ್ಲಿ ಹೋಗಿಬರುವಷ್ಟು ದೂರದಲ್ಲೊಂದು ಬಾಡಿಗೆ ಮನೆ. 2020ರಲ್ಲಿ, ಲಾಕ್‌ಡೌನ್‌ನಲ್ಲಿ ಕಾರ್ಮಿಕರು ನಡೆದೇ ಊರಿಗೆ ಹೊರಟ ಮೇಲೆ, ಕೇಂದ್ರ ಸರ್ಕಾರ ಕೈಗೆಟುಕುವ ಬಾಡಿಗೆ ವಸತಿ ಯೋಜನೆ ತಂದಿತು. ಖಾಲಿ ಬಿದ್ದ ಸರ್ಕಾರಿ ಮನೆಗಳನ್ನೂ ಬಾಡಿಗೆಗೆ ಕೊಡಬಹುದು ಎಂದು ಅದರಲ್ಲೇ ಇದೆ. ನಮ್ಮ ವಠಾರದಲ್ಲಿ ಅದರ ಹೆಸರು ಕೇಳಿದವರು ಒಬ್ಬರೂ ಇಲ್ಲ.

‘ಪಿ.ಜಿ. ಬಂದರೂ ಅಲ್ಲಿ ಇರೋದು ಜನಾನೇ ತಾನೆ?’ ಎಂದ ನನ್ನ ಗೆಳೆಯ. ನಿಜ. ಆದರೆ ಅಪ್ಪ, ಗಾರ್ಮೆಂಟ್ಸ್‌ಗೆ ಹೋಗುವ ಅಮ್ಮ, ಅಜ್ಜಿ, ನಾನು ಒಟ್ಟಿಗೆ ಪಿ.ಜಿ.ಯಲ್ಲಿ ಇರಲಾಗದು. ಅಂಕಲ್‌ಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟು, ಎರಡು ಮಹಡಿಯನ್ನಾದರೂ ಹತ್ತು ವರ್ಷ ನಿಗದಿತ ಬಾಡಿಗೆಗೆ ಸಂಸಾರಸ್ಥರಿಗೇ ಕೊಡಬೇಕೆಂಬ ಷರತ್ತು ಹಾಕಿದ್ದರೆ? ಅವರು ಒಪ್ಪುತ್ತಿದ್ದರು ಎಂದೇ ನನಗನ್ನಿಸುತ್ತದೆ. ನಿಲ್ದಾಣಗಳ ಹತ್ತಿರ ಸರ್ಕಾರದ ಜಾಗವಿದ್ದರೆ ಅದರಲ್ಲಿ ಒಂದು ಪಾಲನ್ನು ಬಾಡಿಗೆ ಮನೆಗಳಿಗೇ ಮೀಸಲಿಡಲಿ. ಕ್ಲಾಸಿನಲ್ಲಿ ಗೋಡೆಗೆ ಎಷ್ಟು ಇಟ್ಟಿಗೆ ಬೇಕೆಂದು ಲೆಕ್ಕ ಹಾಕುವ ನಮಗೆ, ಆ ಗೋಡೆಯೊಳಗೆ ಯಾರಿರುತ್ತಾರೆ ಎಂಬ ಪ್ರಶ್ನೆ ಪತ್ರಿಕೆ ಇನ್ನೂ ಬಂದಿಲ್ಲ.

ಕಳೆದ ಭಾನುವಾರ ಮಾದನಾಯಕನಹಳ್ಳಿಯಲ್ಲಿ ಒಂದು ಮನೆ ನೋಡಿಬಂದೆವು. ಬಾಡಿಗೆ ಹೊಂದುತ್ತದೆ. ಸೆಕೆಂಡ್ ಶಿಫ್ಟ್ ಮುಗಿಸಿ ಬರುವಾಗ ಬಸ್ ಇರುತ್ತದೆಯೇ ಎಂದು ಅಮ್ಮ ಕೇಳಿದರು. ಅಪ್ಪ ಸೆಕೆಂಡ್ ಹ್ಯಾಂಡ್ ಟಿವಿಎಸ್ ಒಂದನ್ನು ವಿಚಾರಿಸುತ್ತಿದ್ದಾರೆ.