25 ದಿನದ 'ಕರೆಂಟು' 15ಕ್ಕೆ ಇಳಿದದ್ದು ಹೇಗೆ?

ರಾಯಚೂರು ತಾಲ್ಲೂಕಿನ ಚಂದ್ರಬಂಡದ ಕಡೆಯ ರೈತ ಹೆಂಗಸೊಬ್ಬರಿಗೆ ಕ್ಯಾನ್ಸರ್ ಆಗಿ, ಶಸ್ತ್ರಚಿಕಿತ್ಸೆಯಲ್ಲಿ ಒಂದು ಸ್ತನವನ್ನು ಪೂರ್ತಿ ತೆಗೆದಿದ್ದಾರೆ ಎಂದುಕೊಳ್ಳೋಣ. ಗಡ್ಡೆ ದೊಡ್ಡದಿದ್ದರೆ ಅಥವಾ ಕಂಕುಳಿನ ಗ್ರಂಥಿಗಳಿಗೆ ರೋಗ ಹಬ್ಬಿದ್ದರೆ ವೈದ್ಯರು ಅಷ್ಟಕ್ಕೇ ಬಿಡುವುದಿಲ್ಲ. ಎದೆಯ ಭಾಗಕ್ಕೆ ವಿಕಿರಣ ಚಿಕಿತ್ಸೆಯೂ ಬೇಕೆನ್ನುತ್ತಾರೆ. ಜನರ ಬಾಯಲ್ಲಿ ಇದು 'ಕರೆಂಟು ಕೊಡುವುದು'. ಮೈಯಲ್ಲಿ ವಿದ್ಯುತ್ತೇನೂ ಹರಿಯುವುದಿಲ್ಲ, ಅದು ಬೇರೆ ಮಾತು. ಹಳೆಯ ಕ್ರಮದಲ್ಲಿ ವಾರಕ್ಕೆ ಐದು ದಿನದಂತೆ ಐದು ವಾರ, ಒಟ್ಟು 25 ಸಲ. 1973ರಲ್ಲಿ ಆರಂಭವಾದ ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ ರಾಯಚೂರಿನಿಂದ ಸುಮಾರು 400 ಕಿ.ಮೀ. ದೂರ. ಹತ್ತಿ ಬಿಡಿಸುವ ಕಾಲದಲ್ಲಿ ಹೊಲ, ಮಕ್ಕಳನ್ನು ಬಿಟ್ಟು, ಜೊತೆಗೊಬ್ಬರನ್ನು ಕರೆದುಕೊಂಡು ಅಷ್ಟು ದಿನ ಪರಊರಿನಲ್ಲಿರುವುದು ಸುಲಭವೇ?

ವಿಕಿರಣದ ಅಳತೆ 'ಗ್ರೇ'. ಒಂದು ಕಿಲೋಗ್ರಾಂ ವಸ್ತು ಒಂದು ಜೌಲ್ ಶಕ್ತಿಯನ್ನು ಹೀರಿದರೆ ಒಂದು ಗ್ರೇ. ಹಳೆಯ ಕ್ರಮದಲ್ಲಿ ದಿನಕ್ಕೆ 2 ಗ್ರೇ, ಒಟ್ಟು 50. ಇಷ್ಟೂ ಶಕ್ತಿಯನ್ನು ನೀರಿಗೆ ಕೊಟ್ಟರೆ ಅದು ಬಿಸಿಯಾಗುವುದು ಒಂದು ಡಿಗ್ರಿಯ ನೂರನೇ ಒಂದು ಭಾಗದಷ್ಟು! ಅಂದರೆ ಕ್ಯಾನ್ಸರ್ ಕೋಶ ಸಾಯುವುದು ಬಿಸಿಯಿಂದಲ್ಲ, ಅದರ ಡಿ.ಎನ್.ಎ. ತುಂಡಾಗುವುದರಿಂದ.

ಕಂತುಕಂತಾಗಿ ಏಕೆ? ನಡುವಿನ ಬಿಡುವಿನಲ್ಲಿ ಆರೋಗ್ಯವಂತ ಕೋಶಗಳು ತಮ್ಮ ಗಾಯ ಸರಿಪಡಿಸಿಕೊಳ್ಳಲಿ ಎಂದು. ಹಲವು ಕ್ಯಾನ್ಸರ್‌ಗಳಲ್ಲಿ ಕಂತು ಚಿಕ್ಕದಾದಷ್ಟೂ ಲಾಭ. ಆದರೆ ಸ್ತನದ ಕ್ಯಾನ್ಸರ್ ಕೋಶಗಳು ಈ ವಿಷಯದಲ್ಲಿ ಹೆಚ್ಚುಕಡಿಮೆ ಆರೋಗ್ಯವಂತ ಕೋಶಗಳಂತೆಯೇ ವರ್ತಿಸುತ್ತವೆ. ಹಾಗಾದರೆ ಕಂತನ್ನು ಅಷ್ಟು ಚಿಕ್ಕದಾಗಿ ಇಟ್ಟು ಗಳಿಸಿದ್ದೇನು?

ಹತ್ತನೇ ತರಗತಿಯವರು ಈ ಲೆಕ್ಕ ಮಾಡಿ ನೋಡಬಹುದು. ವಿಕಿರಣದ ಪೆಟ್ಟಿನ ಒಂದು ಭಾಗ ಪ್ರಮಾಣಕ್ಕೆ ತಕ್ಕಂತೆ ಏರುತ್ತದೆ. ಇನ್ನೊಂದು, ಪ್ರತಿ ಕಂತಿನ ವರ್ಗಕ್ಕೆ ತಕ್ಕಂತೆ. ಎರಡು ಗಾಯಗಳು ರಿಪೇರಿಗೆ ಮೊದಲೇ ಒಂದಕ್ಕೊಂದು ಕೂಡಿಕೊಂಡಾಗ ಆಗುವ ಹಾನಿ ಇದು. 25 ಸಲ 2 ಗ್ರೇ ಎಂದರೆ ವರ್ಗಗಳ ಮೊತ್ತ 100. 15 ಸಲ 2.67 ಗ್ರೇ ಎಂದರೆ ಸುಮಾರು 107. ಒಟ್ಟು ಪ್ರಮಾಣ 50ರಿಂದ 40ಕ್ಕೆ ಇಳಿದರೂ ಈ ಎರಡನೆಯ ಭಾಗ ಇಳಿಯಲಿಲ್ಲ.

ಲೆಕ್ಕ ಒಪ್ಪಿದರೆ ಸಾಲದು, ರೋಗಿಯ ಮೈಯೂ ಒಪ್ಪಬೇಕಲ್ಲ. ಬ್ರಿಟನ್ನಿನಲ್ಲಿ 1999ರಿಂದ 2001ರವರೆಗೆ 2,215 ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಹತ್ತು ವರ್ಷಗಳಲ್ಲಿ ರೋಗ ಅದೇ ಜಾಗದಲ್ಲಿ ಅಥವಾ ಹತ್ತಿರದ ಗ್ರಂಥಿಗಳಲ್ಲಿ ಮರುಕಳಿಸಿದ್ದು ಐದು ವಾರದವರಲ್ಲಿ ಶೇ. 5.5, ಮೂರು ವಾರದವರಲ್ಲಿ ಶೇ. 4.3. ಆದರೆ ಅವರಲ್ಲಿ ಸ್ತನ ಪೂರ್ತಿ ತೆಗೆಸಿಕೊಂಡವರು ಬಹಳ ಕಡಿಮೆ. ಅಂಥವರನ್ನೇ ಸೇರಿಸಿಕೊಂಡು ಬೀಜಿಂಗ್‌ನಲ್ಲಿ 820 ಮಹಿಳೆಯರ ಮೇಲೆ ನಡೆದ ಪರೀಕ್ಷೆಯ ಫಲ 2019ರಲ್ಲಿ ಬಂತು. ಅಲ್ಲಿ 15 ಕಂತಿಗೆ 43.5 ಗ್ರೇ. ಐದು ವರ್ಷದಲ್ಲಿ ಮರುಕಳಿಕೆ ಶೇ. 8.3, ಹಳೆಯ ಕ್ರಮದಲ್ಲಿ ಶೇ. 8.1. ಚರ್ಮ ತೀವ್ರವಾಗಿ ಸುಡುವ ತೊಂದರೆ ಮಾತ್ರ ಮೂರು ವಾರದವರಲ್ಲೇ ಕಡಿಮೆ.

2020ರಲ್ಲಿ ಬ್ರಿಟನ್ನಿನಿಂದ ಇನ್ನೂ ಚಿಕ್ಕ ಕ್ರಮದ ವರದಿ ಬಂತು: ಒಂದೇ ವಾರ, ಐದು ಕಂತು, 26 ಗ್ರೇ. ಅಲ್ಲಿಯೂ ಸ್ತನ ಪೂರ್ತಿ ತೆಗೆಸಿಕೊಂಡವರು ಕೆಲವರೇ ಇದ್ದುದರಿಂದ ಆತುರ ಬೇಡ.

ಯಾವ ಕ್ರಮ ಯಾರಿಗೆ ಎಂಬುದನ್ನು ವೈದ್ಯರೇ ಹೇಳಬೇಕು. "ಡಾಕ್ಟರೇ, ನನಗೆ ಮೂರು ವಾರದ್ದು ಆಗುತ್ತದೆಯೇ?" ಎಂದು ಕೇಳಲು ರೋಗಿ ಸಂಕೋಚಪಡಬೇಕಾಗಿಲ್ಲ. ಆದರೆ 25 ಕಂತೆಂದು ಶುರುವಾದವರು ಈ ಲೇಖನ ಓದಿ 15ಕ್ಕೇ ಊರಿಗೆ ಹೊರಡಬಾರದು. ಅವರಿಗೆ ಆಗ ಸಿಕ್ಕಿರುವುದು 40 ಗ್ರೇ ಅಲ್ಲ, 30 ಮಾತ್ರ.