ಕಲ್ಲು ಓದುವ ಮಕ್ಕಳಿಗೂ ಒಂದು ಸ್ಕಾಲರ್‌ಶಿಪ್ ಇರಲಿ

ಕೊಲ್ಲಿಯಲ್ಲಿ ದುಡಿಯುವ ನಮ್ಮಂಥವರ ಮನೆಗಳಲ್ಲಿ ಮಕ್ಕಳ ಓದಿನ ಮಾತು ಬಂದರೆ ನಾಲ್ಕೇ ಹೆಸರು: ಎಂಬಿಬಿಎಸ್, ಇಂಜಿನಿಯರಿಂಗ್, ನರ್ಸಿಂಗ್, ಸಿಎ. ನಾವೂ ಡಿ.ಫಾರ್ಮ್ ಮುಗಿಸಿ ಆಸ್ಪತ್ರೆಯ ಔಷಧ ಕೌಂಟರಿನಲ್ಲಿ ನಿಂತವರೇ. ಕೆಲಸ ಸಿಗುವ ಓದಿನ ಬೆಲೆ ಯಾರೂ ನಮಗೆ ಹೇಳಿಕೊಡಬೇಕಿಲ್ಲ. ಆದರೂ ಮಗಳೊಬ್ಬಳು ಪುರಾತತ್ತ್ವ ಓದುತ್ತೇನೆ ಎಂದರೆ ‘ಅದರಿಂದ ಹೊಟ್ಟೆ ತುಂಬುತ್ತದಾ?’ ಎಂದು ಬಾಯಿ ಮುಚ್ಚಿಸುವುದು ತಪ್ಪು ಎನ್ನುತ್ತೇವೆ. ತಿಂಗಳ ಹಣ ಕೊಟ್ಟು ಸಂಶೋಧನೆ ಮಾಡಿಸುವ ದಾರಿ ಅದಕ್ಕೂ ಇದೆ.

ಷಿಕಾಗೋದ ಡೆವನ್ ಅವೆನ್ಯೂ ನಮ್ಮ ದುಬೈ ಮೀನಾ ಬಜಾರಿನ ದೂರದ ಅಣ್ಣ. ಅದರ ಒಂದು ತುಂಡಿಗೆ ಗಾಂಧಿ ಮಾರ್ಗ ಎಂದು ಹೆಸರು, ಇನ್ನೊಂದಕ್ಕೆ ಜಿನ್ನಾ ಹೆಸರು. ಪಟೇಲ್ ಬ್ರದರ್ಸ್ 1974ರಲ್ಲಿ ಮೊದಲ ಅಂಗಡಿ ತೆರೆದದ್ದು ಇಲ್ಲೇ. ಷಿಕಾಗೋ ಕನ್ನಡಿಗರ ಕೂಟಕ್ಕೆ ವಿದ್ಯಾರಣ್ಯರ ಹೆಸರಿದ್ದರೆ ಡೆಟ್ರಾಯಿಟ್‌ನವರದ್ದು ಪಂಪ ಕನ್ನಡ ಕೂಟ. ಡೆವನ್‌ನಲ್ಲಿ ತೊಗರಿಬೇಳೆ ಕೊಳ್ಳುವ ಕನ್ನಡಿಗರಲ್ಲಿ ಎಷ್ಟು ಮಂದಿಗೆ ಗೊತ್ತೋ ಏನೋ, ಅದೇ ಊರಿನ ದಕ್ಷಿಣಕ್ಕಿರುವ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ನಮ್ಮ ಬಯಲುಸೀಮೆಯ ಕಲ್ಲುಗಳ ಮೇಲೆ ಡಾಕ್ಟರೇಟ್ ಪಡೆದವರಿದ್ದಾರೆ. ಪೀಟರ್ ಜೋಹಾನ್ಸೆನ್, ಆಂಡ್ರ್ಯೂ ಬಾವರ್ ಅಂಥವರು. ಮುಂದೆ ರಾಯಚೂರಿನ ಮಸ್ಕಿಯಲ್ಲೂ ಇಬ್ಬರೂ ಸೇರಿ ಕೆಲಸ ಮಾಡಿದರು. ಡೆಟ್ರಾಯಿಟ್ ಹತ್ತಿರದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿದ್ದ ಕಾರ್ಲಾ ಸಿನೋಪೊಲಿ ಅವರ ತಂಡ 2003ರಲ್ಲಿ ತುಂಗಭದ್ರೆಯ ದಂಡೆಯಲ್ಲಿ ಉತ್ಖನನ ಶುರುಮಾಡಿತು.

ಇವರು ಹುಡುಕಿದ್ದು ಚಿನ್ನದ ಕೊಪ್ಪರಿಗೆಯನ್ನಲ್ಲ. ರಾಜರು, ಶಾಸನಗಳು ಬರುವ ಮೊದಲೇ ಮನುಷ್ಯರಲ್ಲಿ ಮೇಲು ಕೀಳು ಹೇಗೆ ಹುಟ್ಟಿತು ಎಂಬ ಪ್ರಶ್ನೆ ಅವರದು. ಗಂಗಾವತಿ ಹತ್ತಿರದ ಹಿರೇಬೆಣಕಲ್ ಗುಡ್ಡ ಹತ್ತಿದವರಿಗೆ ಇದು ಕೂಡಲೇ ಅರ್ಥವಾಗುತ್ತದೆ. ಅಲ್ಲಿ ಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಕಲ್ಮನೆಗಳಿವೆ; ಕೆಲವು ಆಳೆತ್ತರ, ಕೆಲವು ಕುಳ್ಳು. 2021ರಲ್ಲಿ ಯುನೆಸ್ಕೋದ ತಾತ್ಕಾಲಿಕ ಪಟ್ಟಿಗೂ ಸೇರಿತು. ಆ ಚಪ್ಪಡಿ ಸೀಳಿದವರು ಯಾರು, ಅವರಿಗೆ ಅನ್ನ ಹಾಕಿದವರು ಯಾರು, ದೊಡ್ಡದು ಯಾರ ಪಾಲಿಗೆ, ಗುಡ್ಡದ ಮೇಲಿನ ನೀರು ಯಾರ ದನಕ್ಕೆ? ಗಗನಚುಂಬಿ ಕಟ್ಟಿದವನು ಸಂಜೆ ಬಸ್ಸು ಹತ್ತಿ ಲೇಬರ್ ಕ್ಯಾಂಪಿಗೆ ಹೋಗುವುದನ್ನು ದಿನಾ ನೋಡುವ ನಮಗೆ ಈ ಪ್ರಶ್ನೆ ಹೊಸದೇ?

ಪರದೇಶದವರು ಬಂದು ಮಾಡಿದರೆಂಬ ಹೊಟ್ಟೆಕಿಚ್ಚಿನ ಮಾತಲ್ಲ ಇದು. ನಮ್ಮವರೂ ಮಾಡಿದ್ದಾರೆ. ಧಾರವಾಡದ ಅ. ಸುಂದರ ಅವರು ಉತ್ತರ ಕರ್ನಾಟಕದ ಕಲ್ಗೋರಿಗಳ ಮೇಲೆ ಬರೆದ ಪುಸ್ತಕ 1975ರಲ್ಲೇ ಬಂತು, ಎಂ.ಎಸ್. ನಾಗರಾಜರಾವ್ ತೆಕ್ಕಲಕೋಟೆ ಅಗೆದರು. ಆದರೆ ಊರಿನ ಅಜ್ಜಿ ಆ ಗುಡ್ಡದ ಬಗ್ಗೆ ಹೇಳುವ ಕಥೆ ದುಭಾಷಿ ಇಲ್ಲದೆ ಅರ್ಥವಾಗುವ ಮಕ್ಕಳು ಇನ್ನಷ್ಟು ಬೇಕು.

ಇನ್ನು ದುಡ್ಡಿನ ಮಾತು. ಅಮೆರಿಕದ ಒಳ್ಳೆಯ ವಿಶ್ವವಿದ್ಯಾಲಯಗಳು ಪಿಎಚ್‌ಡಿಗೆ ಆಯ್ಕೆಯಾದವರಿಗೆ ಸಾಮಾನ್ಯವಾಗಿ ಫೀಸು ಮನ್ನಾ ಮಾಡಿ, ತಿಂಗಳ ಖರ್ಚು, ಆರೋಗ್ಯ ವಿಮೆ ಕೊಡುತ್ತವೆ. ಬದಲಿಗೆ ಪಾಠ ಮಾಡಬೇಕಾಗುತ್ತದೆ. ವೆನ್ನರ್-ಗ್ರೆನ್ ಫೌಂಡೇಶನ್ ಕ್ಷೇತ್ರಕಾರ್ಯಕ್ಕೆ 25,000 ಡಾಲರ್‌ವರೆಗೆ ಕೊಡುತ್ತದೆ, ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ನೋಡುವುದಿಲ್ಲ. ಊರಲ್ಲೇ ಇರುವವರಿಗೆ ಯುಜಿಸಿ ನೆಟ್‌ನಲ್ಲಿ ಪುರಾತತ್ತ್ವ ಒಂದು ವಿಷಯ. ಜೆಆರ್‌ಎಫ್ ಸಿಕ್ಕರೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಇಲ್ಲಿ ಎಷ್ಟೋ ಮಂದಿ ಅದಕ್ಕಿಂತ ಕಡಿಮೆ ಸಂಬಳಕ್ಕೆ ಹನ್ನೆರಡು ಗಂಟೆ ದುಡಿಯುತ್ತಾರೆ. (ವಿಜ್ಞಾನ ಓದಿದವರೂ ಹೆದರಬೇಕಿಲ್ಲ. ಹಳೆಯ ಮಡಕೆಯಲ್ಲಿ ಏನು ಬೇಯಿಸಿದ್ದರು ಎಂದು ತಿಳಿಯಲು ಬಳಸುವುದು ನಾವು ಔಷಧ ಪರೀಕ್ಷೆಯಲ್ಲಿ ಕಲಿತ ಕ್ರೊಮಟೋಗ್ರಫಿಯನ್ನೇ.)

ಕಷ್ಟವನ್ನೂ ಮುಚ್ಚಿಡಬಾರದು. ಆರೇಳು ವರ್ಷ ಹಿಡಿಯುತ್ತದೆ, ಆಮೇಲೆ ಅಧ್ಯಾಪಕ ಹುದ್ದೆಗಳು ಕಡಿಮೆ. ಮನೆಸಾಲ ಹೊತ್ತ ಕುಟುಂಬದ ಒಬ್ಬನೇ ಮಗನನ್ನು ಇದಕ್ಕೆ ದೂಡಿ ಎಂದು ನಾವು ಹೇಳುವುದಿಲ್ಲ.

ಸಂಘದ ಬಳಿ ಕೇಳುವುದು ಇಷ್ಟೇ. ನಮ್ಮ ವಿದ್ಯಾರ್ಥಿವೇತನದ ಅರ್ಜಿಯಲ್ಲಿ ‘ವೃತ್ತಿಪರ ಕೋರ್ಸ್ ಮಾತ್ರ’ ಎಂಬ ಸಾಲನ್ನು ತೆಗೆಯಿರಿ. ಪುರಾತತ್ತ್ವ, ಇತಿಹಾಸ ಓದುವ ಒಂದು ಮಗುವಿಗೆ ಟೋಫೆಲ್ ಪರೀಕ್ಷೆಯ ಮತ್ತು ಅರ್ಜಿಗಳ ಫೀಸು ಕೊಡಿ. ನಾಲ್ಕೈದು ಮನೆಗಳವರು ಸೇರಿದರೆ ಆಗುವ ಖರ್ಚು ಅದು. ಅಮೆರಿಕದ ಅರ್ಜಿಗಳು ಹೆಚ್ಚಾಗಿ ಡಿಸೆಂಬರ್ ಹೊತ್ತಿಗೆ ಮುಚ್ಚುತ್ತವೆ. ರಾಜ್ಯೋತ್ಸವಕ್ಕೆ ಈ ಸಂಚಿಕೆ ನಿಮ್ಮ ಕೈ ಸೇರಿದಾಗ ಇನ್ನೊಂದು ತಿಂಗಳು ಉಳಿದಿರುತ್ತದೆ.