ನಿಯಮ ಜನರಿಗೆ ಅರ್ಥವಾಗಬೇಕು

ಹಿರಣ್ಯಕೇಶಿಯ ದಂಡೆಯ ಗಡಹಿಂಗ್ಲಜ ಮಹಾರಾಷ್ಟ್ರದಲ್ಲಿದೆ; ಅದೇ ಹೊಳೆ ಮುಂದೆ ಹರಿದು ಮುಟ್ಟುವ ಸಂಕೇಶ್ವರ ಕರ್ನಾಟಕದಲ್ಲಿದೆ. ಮಹಾಗಾಂವದಂತಹ ಊರುಗಳವರ ಸಂತೆ, ಬೀಗತನಗಳು ಎರಡೂ ಕಡೆಗೆ ಹಬ್ಬಿವೆ. ಕೊರೊನಾ ಕಾಲದ ಆರೋಗ್ಯ ನಿಯಮಗಳು ಮಾತ್ರ ರಾಜ್ಯದ ಗಡಿಗೆರೆಯಲ್ಲಿ ಬದಲಾಗುತ್ತಿದ್ದವು. ಆ ನಿಯಮಗಳ ಅಗತ್ಯವನ್ನು ನಾನು ಪ್ರಶ್ನಿಸುತ್ತಿಲ್ಲ. ಅವುಗಳ ಕಾರಣ ಜನರಿಗೆ ತಿಳಿಯುವಂತಿತ್ತೇ ಎಂಬುದು ನನ್ನ ಪ್ರಶ್ನೆ.

2021ರ ಜುಲೈ ಆರಂಭದಲ್ಲಿ, ಮಹಾರಾಷ್ಟ್ರದಿಂದ ಬರುವವರು ಒಂದು ಡೋಸ್ ಲಸಿಕೆಯ ಪ್ರಮಾಣಪತ್ರ ತೋರಿಸಿದರೂ ಕರ್ನಾಟಕದೊಳಗೆ ಪ್ರವೇಶವಿತ್ತು. ಅದೇ ತಿಂಗಳ 31ರ ಆದೇಶವು, ಲಸಿಕೆ ಪಡೆದಿದ್ದರೂ 72 ಗಂಟೆಗಳೊಳಗಿನ ಆರ್‌ಟಿ-ಪಿಸಿಆರ್ ನೆಗೆಟಿವ್ ವರದಿಯನ್ನು ಕಡ್ಡಾಯಗೊಳಿಸಿತು. ಇದಕ್ಕೆ ಕಾರಣವಿಲ್ಲದಿರಲಿಲ್ಲ. ಲಸಿಕೆಯು ರೋಗದ ತೀವ್ರತೆಯನ್ನು ತಗ್ಗಿಸುತ್ತದೆ. ಆದರೆ ಲಸಿಕೆ ಪಡೆದವರಿಗೂ ಸೋಂಕು ತಗುಲಬಹುದು, ಅವರಿಂದ ಇತರರಿಗೂ ಹರಡಬಹುದು. ಇಷ್ಟನ್ನು ಬಿಡಿಸಿ ಹೇಳದೆ ಕೊಗನೊಳ್ಳಿಯ ತಪಾಸಣಾ ಠಾಣೆಯಲ್ಲಿ ವಾಹನವನ್ನು ಹಿಂದಿರುಗಿಸಿದರೆ, 'ಹಾಗಾದರೆ ಲಸಿಕೆ ಏತಕ್ಕೆ?' ಎಂಬ ಸಂಶಯ ಹುಟ್ಟದಿರದು. ಅಂತಹ ಸಂಶಯದಿಂದ ಮೊದಲು ಪೆಟ್ಟು ಬೀಳುವುದು ಲಸಿಕೆಯ ಮೇಲಿನ ನಂಬಿಕೆಗೇ.

ಮರುವರ್ಷ ಗುಡಿ ಪಾಡವಾದಂದು, ಅಂದರೆ 2022ರ ಏಪ್ರಿಲ್ 2ರಿಂದ, ಮಹಾರಾಷ್ಟ್ರದಲ್ಲಿ ಮುಖಗವಸು ಐಚ್ಛಿಕವಾಯಿತು. ಏಪ್ರಿಲ್ 25ರಂದು ಕರ್ನಾಟಕ ಅದನ್ನು ಮತ್ತೆ ಕಡ್ಡಾಯಗೊಳಿಸಿತು. ರೋಗದ ಪ್ರಮಾಣ ಎಲ್ಲೆಡೆ ಒಂದೇ ಇರದಾಗ ನಿಯಮವೂ ಒಂದೇ ಇರಬೇಕಿಲ್ಲವೆಂದು ಕೆಲವರು ವಾದಿಸಬಹುದು. ಒಪ್ಪೋಣ. ಆದರೆ ಬೆಳಿಗ್ಗೆ ಗಡಿ ದಾಟಿ ಸಂಜೆ ಮರಳುವವನಿಗೆ ಆ ವ್ಯತ್ಯಾಸದ ಕಾರಣವನ್ನು ಅವನ ನುಡಿಯಲ್ಲಿಯೇ ಹೇಳುವ ಹೊಣೆ ಎರಡೂ ಸರಕಾರಗಳದ್ದಾಗಿತ್ತು.

ಇಲ್ಲಿ ಆಡಳಿತದ ಭಾಷೆ ಮರಾಠಿ. ಅನೇಕ ಮನೆಗಳ ಮಾತು ಕನ್ನಡ. ಲಸಿಕೆ ಅಭಿಯಾನ 2021ರ ಜನವರಿ 16ರಂದು ಆರಂಭವಾದರೂ ಕೋವಿನ್ ಜಾಲತಾಣದಲ್ಲಿ ಕನ್ನಡ, ಮರಾಠಿಗಳು ಕಾಣಿಸಿಕೊಂಡದ್ದು ಜೂನ್ ತಿಂಗಳಲ್ಲಿ. ಪದಗಳ ಆಯ್ಕೆಯಲ್ಲಿಯೂ ಎಚ್ಚರ ಸಾಲದಾಯಿತು. 'ಸಾಮಾಜಿಕ ಅಂತರ' ಎಂಬ ನುಡಿಗಟ್ಟನ್ನೇ ನೋಡಿರಿ. ಬೇಕಾಗಿದ್ದುದು ದೈಹಿಕ ಅಂತರ. ವಿಶ್ವ ಆರೋಗ್ಯ ಸಂಸ್ಥೆಯೂ 2020ರ ಮಾರ್ಚ್‌ನಲ್ಲಿಯೇ ಆ ಪದದತ್ತ ಹೊರಳಿತ್ತು. ಅಸ್ಪೃಶ್ಯತೆಯ ಗಾಯವಿನ್ನೂ ಮಾಯದ ಸಮಾಜದಲ್ಲಿ 'ಸಾಮಾಜಿಕ ಅಂತರ ಕಾಯ್ದುಕೊಳ್ಳಿ' ಎಂದು ಬರೆಯುವ ಮೊದಲು ಒಮ್ಮೆ ಯೋಚಿಸಬೇಕಿತ್ತು.

ಯಾರಿಗೂ ಬಲವಂತವಾಗಿ ಲಸಿಕೆ ನೀಡಲಾಗದು, ಆದರೆ ಸಮುದಾಯದ ಹಿತಕ್ಕಾಗಿ ಸರಕಾರವು ಅಳತೆ ಮೀರದ ನಿರ್ಬಂಧಗಳನ್ನು ವಿಧಿಸಬಹುದು ಎಂದು ಸರ್ವೋಚ್ಚ ನ್ಯಾಯಾಲಯವು 2022ರ ಮೇ 2ರಂದು ತೀರ್ಪಿತ್ತಿತು. ಹಾಗಿದ್ದಲ್ಲಿ ಉಳಿಯುವ ದಾರಿ ಒಪ್ಪಿಸುವುದೊಂದೇ. ಅರ್ಥವಾಗದ್ದನ್ನು ಯಾರೂ ಮನಸಾರೆ ಒಪ್ಪುವುದಿಲ್ಲ.

ಆದುದರಿಂದ ಗಡಿ ತಾಲೂಕುಗಳಲ್ಲಿ ಆರೋಗ್ಯ ಸೂಚನೆಗಳು ಕನ್ನಡ, ಮರಾಠಿ ಎರಡರಲ್ಲಿಯೂ ಹೊರಡಬೇಕು. ಕೊಲ್ಹಾಪುರ, ಬೆಳಗಾವಿ ಜಿಲ್ಲಾಡಳಿತಗಳು ಗಡಿಯ ನಿಯಮಗಳನ್ನು ಮೊದಲೇ ಕೂಡಿ ಚರ್ಚಿಸಬೇಕು. ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಮಗೂ ಇಲ್ಲಿ ಕೆಲಸವಿದೆ. ಕಾವ್ಯಮೀಮಾಂಸೆಯನ್ನು ಓದುವ ನಾವು, ಅಕ್ಷರ ಬಾರದ ಅಜ್ಜಿಯೊಬ್ಬಳು ಕೇಳಿದೊಡನೆ ತಿಳಿದುಕೊಳ್ಳುವಂತಹ ಹತ್ತು ಸಾಲಿನ ಆರೋಗ್ಯ ಸೂಚನೆಯನ್ನು ಬರೆಯಲೂ ಕಲಿಯಬೇಕು.